ಕ್ಲಾಸ್ ಬದಲಿಸೋಕೆ ದುಡ್ಡು ಕೊಡಲು ರೆಡಿ ಇರುವ ಗೆಳೆಯನಿಗೆ

ಪ್ರೀತಿಯ ಗಿರೀಶ,

ನಿನ್ನ ಉದ್ದದ ಮೆಸೇಜ್ ಓದಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆನ್‌ಲೈನ್ ಆಟದಲ್ಲಿ ಪಾತ್ರದ ಹೆಸರು ಬದಲಿಸಲು ಕಂಪನಿಯವರು ದುಡ್ಡು ತಗೊಳ್ತಾರೆ, ಸರ್ವರ್ ಬದಲಿಸಲು ತಗೊಳ್ತಾರೆ, ಕ್ಲಾಸ್ (ಪ್ರೀಸ್ಟ್, ವಾರಿಯರ್ ಥರ ಪಾತ್ರದ ಕಸುಬು) ಬದಲಿಸೋಕೆ ಮಾತ್ರ ಯಾಕೆ ಬಿಡಲ್ಲ ಅಂತ ಕೇಳಿದ್ದೀಯ. ಪ್ರೀಸ್ಟ್ ಆಡಿ ಆಡಿ, ಎಲ್ಲರ ಜೀವ ಉಳಿಸಿ ಬೈಸಿಕೊಂಡು ಸಾಕಾಗಿರುವ ಹೀಲರ್ ಕೇಳುವ ಪ್ರಶ್ನೆ. ನ್ಯಾಯವಾದದ್ದೇ. ಆದರೂ ಆಟದ ಅಂಗಡಿಯಲ್ಲಿ ಕ್ಲಾಸ್ ಬದಲಿಸುವ ಬಟನ್ ಬರದಿರುವುದೇ ಒಳ್ಳೆಯದು ಅನ್ನೋದು ನನ್ನ ವಾದ.

ನಿನ್ನ ಮಾತಲ್ಲಿ ಹುರುಳಿದೆ. 2009ರಲ್ಲಿ ಆಟದ ಎರಡು ಬಣಗಳಲ್ಲಿ ಅಲಯನ್ಸ್ ಬಿಟ್ಟು ಹೋರ್ಡ್ ಸೇರುವ ಪಕ್ಷಾಂತರಕ್ಕೂ ದುಡ್ಡು ಇಟ್ಟರು (ನಮ್ಮ ಶಾಸಕರಿಗೆ ಇದೇನೂ ಹೊಸದಲ್ಲ). ಅದೇ ವರ್ಷ ರೇಸ್, ಅಂದರೆ ಪಾತ್ರದ ಕುಲದ ಬದಲಾವಣೆಯೂ ಬಂತು. ಹಾಗಾದರೆ ಕ್ಲಾಸ್ ಏನು ಪಾಪ ಮಾಡಿತು?

ಗೇರ್ (ಪಾತ್ರ ತೊಡುವ ಬಟ್ಟೆ, ಆಯುಧ) ಹೊಂದುವುದಿಲ್ಲ, ಪ್ರೀಸ್ಟ್‌ನ ಬಟ್ಟೆ ವಾರಿಯರ್‌ಗೆ ಕೆಲಸಕ್ಕೆ ಬಾರದು ಅಂತೆಲ್ಲ ಕೆಲವರು ಹೇಳುತ್ತಾರೆ. ಅದು ದೊಡ್ಡ ತೊಂದರೆಯಲ್ಲ. ಹಳೆಯದನ್ನು ಕಿತ್ತುಕೊಂಡು ಹೊಸ ಸೆಟ್ ಕೊಟ್ಟರಾಯಿತು. ನನಗೆ ಭಯ ಇರುವುದು ನರ್ಫ್ ಬಗ್ಗೆ, ಅಂದರೆ ಕಂಪನಿಯೇ ಒಂದು ಕ್ಲಾಸ್‌ನ ಬಲ ಇಳಿಸುವುದರ ಬಗ್ಗೆ.

2008ರ ಕೊನೆಯಲ್ಲಿ ಡೆತ್ ನೈಟ್ ಅನ್ನೋ ಹೊಸ ಕ್ಲಾಸ್ ಬಂದಿದ್ದು ನೆನಪಿದೆಯಾ? ನೇರ 55ನೇ ಲೆವೆಲ್‌ನಿಂದ ಶುರು, ಮೇಲಿಂದ ಸಿಕ್ಕಾಪಟ್ಟೆ ಬಲ. ಎಲ್ಲಿ ನೋಡಿದರೂ ಅವರೇ. ಆಮೇಲೆ ಪ್ಯಾಚ್ (ಆಟದ ಅಪ್‌ಡೇಟ್) ಮೇಲೆ ಪ್ಯಾಚ್ ಬಂದು ಅದರ ಬಲ ಇಳಿಯಿತು. ಆಗ ದುಡ್ಡು ಕೊಟ್ಟು ಕ್ಲಾಸ್ ಬದಲಿಸುವ ಅವಕಾಶ ಇದ್ದಿದ್ದರೆ ಏನಾಗುತ್ತಿತ್ತು ಹೇಳು. ಅರ್ಧ ಜನ ಡೆತ್ ನೈಟ್ ಆಗಲು ಒಮ್ಮೆ ಕಟ್ಟುತ್ತಿದ್ದರು, ನರ್ಫ್ ಆದ ಮೇಲೆ ಬಿಟ್ಟು ಓಡಲು ಇನ್ನೊಮ್ಮೆ. ಯಾವ ಕ್ಲಾಸ್ ಬಲವಾಗಿರಬೇಕು ಅಂತ ತೀರ್ಮಾನಿಸುವವರೂ ಅವರೇ, ಬದಲಾವಣೆ ಮಾರುವವರೂ ಅವರೇ. ತಕ್ಕಡಿ ಹಿಡಿದವನೇ ತೂಕದ ಕಲ್ಲನ್ನೂ ಮಾರಿದ ಹಾಗೆ. ಡಿಸೈನರ್‌ಗಳು ಪ್ರಾಮಾಣಿಕರೇ ಇರಬಹುದು. ಆದರೆ ಪ್ರತಿ ಪ್ಯಾಚ್ ಬಂದಾಗಲೂ ನಮಗೆ ಅನುಮಾನ ಬರುತ್ತಲೇ ಇರುತ್ತದೆ, ಅಲ್ವಾ?

ರೇಸ್ ಬದಲಿಸಿದರೆ ಹೀಗಾಗುವುದಿಲ್ಲ. ರೇಸ್‌ನಿಂದ ಸಿಗುವ ಲಾಭ ಸಣ್ಣದು. ಕ್ಲಾಸ್ ಅಂದರೆ ಆಟದ ಅರ್ಧ ಭಾಗವೇ.

ನೀನು ಈಗ ಬೂಸ್ಟ್ ಎತ್ತುತ್ತೀಯ, ಗೊತ್ತು. 2014ರಲ್ಲಿ 60 ಡಾಲರ್‌ಗೆ ಬೇಕಾದ ಕ್ಲಾಸ್‌ನ ಇನ್ನೊಂದು ಪಾತ್ರವನ್ನು ನೇರ 90ನೇ ಲೆವೆಲ್‌ಗೆ ಏರಿಸುವ ಬೂಸ್ಟ್ ಮಾರಲು ಶುರು ಮಾಡಿದರು. ಅದು ಹಿಂಬಾಗಿಲಿನ ಕ್ಲಾಸ್ ಬದಲಾವಣೆಯೇ, ಒಪ್ಪಿದೆ. ನನಗದು ಇವತ್ತಿಗೂ ಇಷ್ಟವಿಲ್ಲ. ಆದರೆ ಅಲ್ಲಿ ಹಳೆಯ ಪಾತ್ರ ಹಾಗೇ ಉಳಿಯುತ್ತದೆ.

ನಿಜ ಹೇಳು, ನಿನಗೆ ಬೇಕಿರುವುದು ವಾರಿಯರ್ ಅಷ್ಟೇ ಅಲ್ಲ. ಪ್ರೀಸ್ಟ್ ಜೊತೆ ಗಳಿಸಿದ್ದೆಲ್ಲ ವಾರಿಯರ್ ಜೊತೆಗೂ ಬರಬೇಕು. ಅದರಲ್ಲಿ ಬಹುಪಾಲು ಈಗ ದುಡ್ಡಿಲ್ಲದೆ ಬರುತ್ತದೆ ಮಾರಾಯ. 2012ರಿಂದ ಮೌಂಟ್‌ಗಳು (ಸವಾರಿ ಪ್ರಾಣಿಗಳು) ಇಡೀ ಅಕೌಂಟ್‌ಗೆ ಸೇರಿದವು. 2024ರಲ್ಲಿ ಒಂದೇ ಅಕೌಂಟ್‌ನ ಪಾತ್ರಗಳನ್ನೆಲ್ಲ ಒಟ್ಟು ಸೇರಿಸುವ ವಾರ್‌ಬ್ಯಾಂಡ್ ಬಂದ ಮೇಲೆ ಬ್ಯಾಂಕ್ ಕೂಡ ಹಂಚಿಕೊಳ್ಳಬಹುದು, ಆಟದ ಗುಂಪುಗಳ ಜೊತೆ ಗಳಿಸಿದ ರೆಪ್ಯುಟೇಶನ್‌ನಲ್ಲಿ ಜಾಸ್ತಿ ಭಾಗವೂ ಹಾಗೇ. ಅಂಗಡಿಯ ಬಟನ್‌ಗಿಂತ ನನಗೆ ಈ ದಾರಿ ಇಷ್ಟ.

ಇನ್ನೂ ಮುಂದೆ ಹೋದದ್ದು ‘ಫೈನಲ್ ಫ್ಯಾಂಟಸಿ 14’. ಅಲ್ಲಿ ಕೈಲಿರುವ ಆಯುಧ ಬದಲಿಸಿದರೆ ಜಾಬ್ (ಅಲ್ಲಿನ ಕ್ಲಾಸ್) ಬದಲಾಯಿತು. ಒಂದೇ ಪಾತ್ರ, ಬೆಳಿಗ್ಗೆ ಹೀಲರ್, ಸಂಜೆ ಎಲ್ಲರ ಪರವಾಗಿ ಏಟು ತಿನ್ನುವ ಟ್ಯಾಂಕ್. ಹೆಚ್ಚುಕಡಿಮೆ ಪ್ರತಿ ಜಾಬ್‌ನ ಲೆವೆಲ್ ಬೇರೆಯಾಗಿ ಏರಿಸಬೇಕು, ಅಷ್ಟೇ. ಮಜಾ ಏನೆಂದರೆ, ಅಲ್ಲಿ ರೂಪ ಬದಲಿಸುವ ಫ್ಯಾಂಟೇಶಿಯಾ ಸೀಸೆಗೆ ದುಡ್ಡು ಕೇಳುತ್ತಾರೆ!

ಈಗ ಹೀಗೆ ಮಾಡು. ಹೀಲಿಂಗ್ ಬೇಜಾರಾಗಿದ್ದರೆ ಮೊದಲು ಪ್ರೀಸ್ಟ್‌ನಲ್ಲೇ ಹೊಡೆದಾಡುವ ಬಗೆಯಾದ ಶ್ಯಾಡೋ ಸ್ಪೆಕ್ ಆಡಿ ನೋಡು, ಅದಕ್ಕೇನೂ ಖರ್ಚಿಲ್ಲ. ಆಗಲೂ ಬೇಡ ಅನಿಸಿದರೆ ಸುಮ್ನೆ ಒಂದು ವಾರಿಯರ್ ಶುರು ಮಾಡು. ನಾನೂ ಹೊಸ ಆಲ್ಟ್ (ಇನ್ನೊಂದು ಪಾತ್ರ) ತಗೊಂಡು ಜೊತೆಗೆ ಬರುತ್ತೇನೆ. ಆದರೆ ಈ ಶನಿವಾರದ ರೇಡ್‌ಗೆ (ಗುಂಪು ದಾಳಿಗೆ) ಮಾತ್ರ ಪ್ರೀಸ್ಟ್ ಆಗಿಯೇ ಬಾ. ನಮ್ಮ ಗಿಲ್ಡ್ ತಂಡದಲ್ಲಿ ಇನ್ನೊಬ್ಬ ಹೀಲರ್ ಇನ್ನೂ ಸಿಕ್ಕಿಲ್ಲ.

ನಿನ್ನ,
ಸಂತೋಷ