ಗ್ರಾಂಟ್‌ಗೆ ನಾಲ್ಕೇ ಸಾಲು ಸಾಕೇ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಸೇನೆಯಿಂದ ಬಂದು ಅಮೆರಿಕದ ಅಧ್ಯಕ್ಷರಾದವರ ಬಗ್ಗೆ ಬಂದ ಲೇಖನ ಓದಿದೆ. ವಾಷಿಂಗ್ಟನ್‌ಗೆ ಅರ್ಧ ಪುಟ, ಐಸೆನ್‌ಹೋವರ್‌ಗೆ ಕಾಲು ಪುಟ. ಯುಲಿಸಿಸ್ ಗ್ರಾಂಟ್‌ಗೆ ಸಿಕ್ಕಿದ್ದು ನಾಲ್ಕೇ ಸಾಲು. ಯುದ್ಧ ಗೆದ್ದ, ಕುಡಿಯುತ್ತಿದ್ದ, ಸುತ್ತ ಕಳ್ಳರನ್ನು ಇಟ್ಟುಕೊಂಡ, ಹೆಸರು ಕೆಡಿಸಿಕೊಂಡ. ಇದರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೂ ಇಷ್ಟೇ ಹೇಳಿ ಕೈತೊಳೆದುಕೊಂಡರೆ ಅನ್ಯಾಯ ಅಲ್ವಾ?

ನಾನು ಸೇನೆಯ ಸರಬರಾಜು ವಿಭಾಗದಲ್ಲಿ, ಅಂದರೆ ಎಎಸ್‌ಸಿಯಲ್ಲಿ ಇದ್ದವನು. ಸುಬೇದಾರ್ ಆಗಿ ನಿವೃತ್ತನಾದೆ. ಬಂದೂಕು ಹಿಡಿದಿದ್ದಕ್ಕಿಂತ ಅಕ್ಕಿ, ಬೇಳೆ, ಸೀಮೆಎಣ್ಣೆಯ ಲೆಕ್ಕ ಬರೆದಿದ್ದೇ ಜಾಸ್ತಿ. ಬೆಟ್ಟದ ಮೇಲಿನ ಪೋಸ್ಟುಗಳಿಗೆ ಹೇಸರಗತ್ತೆಗಳ ಮೇಲೆ ರೇಷನ್ ಸಾಗಿಸಿದ್ದೂ ಉಂಟು. ಗ್ರಾಂಟ್ ನನಗೆ ಹತ್ತಿರದವನಾಗಿದ್ದು ಈ ದಾರಿಯಿಂದಲೇ. ಮೆಕ್ಸಿಕೋ ಯುದ್ಧದಲ್ಲಿ ಆತ ತನ್ನ ರೆಜಿಮೆಂಟಿನ ಸರಬರಾಜು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಆತ್ಮಕಥೆಯಲ್ಲಿ ಹೇಸರಗತ್ತೆಗಳ ಬಗ್ಗೆ ಬರೆದಿದ್ದಾನೆ. ಕೊನೆಯದಕ್ಕೆ ಹೊರೆ ಕಟ್ಟುವಷ್ಟರಲ್ಲಿ ಮೊದಲು ಕಟ್ಟಿದವಕ್ಕೆ ನಿಂತು ನಿಂತು ಬೇಜಾರು. ಒಂದು ಒದ್ದಾಡಿಕೊಂಡು ಓಡುತ್ತದೆ, ಇನ್ನೊಂದು ಹೊರೆಯ ಸಮೇತ ನೆಲಕ್ಕೆ ಬಿದ್ದು ಹೊರಳುತ್ತದೆ. ಮತ್ತೊಂದು ಗಿಡದ ಈ ಕಡೆ ತಾನು, ಆ ಕಡೆ ಡೇರೆಯ ಕಂಬ ಹೋಗುವ ಹಾಗೆ ನುಗ್ಗುತ್ತದೆ. ತಾನು ಯಾವತ್ತೂ ಕೆಟ್ಟ ಮಾತು ಆಡಿದ ನೆನಪಿಲ್ಲ, ಆದರೆ ಇಂಥ ಹಿಂಡು ನಡೆಸುವವನು ಬೈದರೆ ಅವನನ್ನು ಕ್ಷಮಿಸುತ್ತೇನೆ ಅನ್ನುತ್ತಾನೆ. ನಾವು ಬೈದಿದ್ದಕ್ಕೆಲ್ಲ ಕ್ಷಮೆ ಸಿಕ್ಕಿತು ಅಂತ ನಾನು ನಕ್ಕಿದ್ದೇ ನಕ್ಕಿದ್ದು.

1854ರಲ್ಲಿ ಗ್ರಾಂಟ್ ಸೇನೆ ಬಿಟ್ಟ. ಕುಡಿತದ ಮಾತು ಅಲ್ಲಿಂದ ಕೊನೆಯವರೆಗೂ ಬೆನ್ನು ಬಿಡಲಿಲ್ಲ. ಬೇಸಾಯ ಕೈಹತ್ತಲಿಲ್ಲ. ಸೇಂಟ್ ಲೂಯಿಸ್ ಬೀದಿಗಳಲ್ಲಿ ಸೌದೆ ಮಾರಿದ. ಅಂಥ ಬಡತನದಲ್ಲೇ, 1859ರಲ್ಲಿ, ತನ್ನ ಹೆಸರಿನಲ್ಲಿದ್ದ ವಿಲಿಯಂ ಜೋನ್ಸ್ ಎಂಬ ಗುಲಾಮನಿಗೆ ಬಿಡುಗಡೆ ಬರೆದುಕೊಟ್ಟ. ಮಾರಿದ್ದರೆ ಸಂಸಾರಕ್ಕೆ ಒಳ್ಳೇ ದುಡ್ಡೇ ಸಿಗುತ್ತಿತ್ತು. ಹೆಂಡತಿಯ ಮನೆಯವರು ಗುಲಾಮರನ್ನು ಇಟ್ಟುಕೊಂಡವರು ಅನ್ನುವುದನ್ನೂ ಸೇರಿಸಿ ಓದಿಕೊಳ್ಳಿ.

ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧಕ್ಕೆ ಗ್ರಾಂಟ್ ಉತ್ತರದ ಕಡೆ ಮತ್ತೆ ಸೇನೆ ಸೇರಿದ. ಆ ಯುದ್ಧದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಸ್ಟೋರಿನವನ ಕಣ್ಣಿಗೆ ಬಿದ್ದ ಎರಡು ವಿಷಯ ಮಾತ್ರ ಹೇಳುತ್ತೇನೆ. 1863ರಲ್ಲಿ ವಿಕ್ಸ್‌ಬರ್ಗ್ ಕೋಟೆ ಹಿಡಿಯಲು ಮಿಸಿಸಿಪ್ಪಿ ನದಿ ದಾಟಿದಾಗ ಸೈನ್ಯದ ಗಾಡಿಗಳು ಇನ್ನೂ ಬಂದಿರಲಿಲ್ಲ. ಸುತ್ತಲಿನ ತೋಟಗಳಲ್ಲಿ ಸಿಕ್ಕ ಬಂಡಿಗಳನ್ನೆಲ್ಲ ತರಿಸಿದ. ದೊಡ್ಡ ಮನೆಯವರ ಸಾರೋಟುಗಳಲ್ಲಿ ಮೇಲಿನವರೆಗೂ ತೋಟಾ ಪೆಟ್ಟಿಗೆ, ಅದನ್ನು ಎಳೆಯಲು ಹುಲ್ಲಿನ ಕೊರಳಪಟ್ಟಿ, ಹಗ್ಗದ ಲಗಾಮು ಹಾಕಿದ ಹೇಸರಗತ್ತೆಗಳು! ನೋಡಿದರೆ ಜಾತ್ರೆಗೆ ಹೊರಟಂತೆ ಇದ್ದಿರಬೇಕು. ಆದರೆ ಮದ್ದುಗುಂಡು ಹೊತ್ತಿಗೆ ಸರಿಯಾಗಿ ತಲುಪಿತು. ಜುಲೈ 4ಕ್ಕೆ ಕೋಟೆ ಶರಣಾಯಿತು.

ಇನ್ನೊಂದು 1865ರ ಏಪ್ರಿಲ್ 9, ಅಪೊಮ್ಯಾಟಕ್ಸ್. ದಕ್ಷಿಣದವರ ಸೇನಾಪತಿ ಲೀ ಶರಣಾದ ದಿನ. ಲೀ ಠಾಕುಠೀಕಾಗಿ ಬಂದಿದ್ದ. ಗ್ರಾಂಟ್ ಮೇಲೆ ಸಾಮಾನ್ಯ ಸಿಪಾಯಿಯ ಅಂಗಿ, ಬೂಟಿಗೆಲ್ಲ ಕೆಸರು. ಸೋತವರು ತಮ್ಮ ಕುದುರೆಗಳನ್ನು ಊರಿಗೆ ಒಯ್ಯಲಿ, ಉಳುಮೆಗೆ ಬೇಕಾಗುತ್ತದೆ ಅಂತ ಬಿಟ್ಟುಕೊಟ್ಟ. ನಮ್ಮವರು ಹಸಿದಿದ್ದಾರೆ ಅಂತ ಲೀ ಹೇಳಿದಾಗ ಎಷ್ಟು ಜನಕ್ಕೆ ಬೇಕು ಅಂತ ಕೇಳಿದ. ಸುಮಾರು 25,000. ಸರಿ, ಕೊಡಿ ಅಂದ. ತಮಾಷೆ ಏನೆಂದರೆ, ಅದಕ್ಕೆ ತೋರಿಸಿದ್ದು ಹಿಂದಿನ ದಿನ ತಮ್ಮ ಕುದುರೆ ಪಡೆ ಹಿಡಿದಿದ್ದ ರೈಲುಗಳನ್ನು. ಅವು ಲೀ ಸೈನ್ಯಕ್ಕೇ ರೇಷನ್ ತಂದಿದ್ದ ರೈಲುಗಳು.

ಇನ್ನು ಅಧ್ಯಕ್ಷಗಿರಿ. ನನ್ನ ತಕರಾರು ಇರುವುದೇ ಇಲ್ಲಿ.

1869ರಿಂದ 1877ರವರೆಗೆ ಎರಡು ಅವಧಿ. 1870ರಲ್ಲಿ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂತು. ಬಣ್ಣ ನೋಡಿ, ಹಿಂದೆ ಗುಲಾಮನಾಗಿದ್ದ ಅಂತ ನೋಡಿ ಮತ ತಪ್ಪಿಸುವಂತಿಲ್ಲ ಎಂಬ ಕಾನೂನು. ಹೆಂಗಸರಿಗೆ ಆಗಲೂ ಮತ ಇರಲಿಲ್ಲ. ಅದೇ ವರ್ಷ ಜೋಸೆಫ್ ರೇನಿ ದಕ್ಷಿಣ ಕೆರೊಲಿನಾದಿಂದ ಅಮೆರಿಕದ ಕೆಳಮನೆಗೆ ಬಂದ. ಆತ ಹುಟ್ಟಿದ್ದು ಗುಲಾಮನಾಗಿ.

ಹಕ್ಕು ಕಾಗದದ ಮೇಲೆ ಬಂದರೆ ಆಯಿತೇ? ರಾತ್ರಿ ಹೊತ್ತು ಮುಸುಕು ಹಾಕಿದ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪುಗಳು ಮನೆ ಬಾಗಿಲು ಒಡೆದು, ಮತ ಹಾಕಿದವನನ್ನು ಎಳೆದು ಹೊಡೆಯುತ್ತಿದ್ದವು, ಕೊಲ್ಲುತ್ತಿದ್ದವು. ಊರಿನ ಪೊಲೀಸ್ ಅಧಿಕಾರಿ, ಅಂದರೆ ಶೆರೀಫ್, ಸುಮ್ಮನಿರುತ್ತಿದ್ದ, ಇಲ್ಲವೇ ಗುಂಪಿನ ಜೊತೆಗೇ ಇರುತ್ತಿದ್ದ. ಪಂಚರು ತಪ್ಪಿತಸ್ಥ ಅನ್ನಲು ಹೆದರುತ್ತಿದ್ದರು. ಗ್ರಾಂಟ್ 1871ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಮಾಡಿಸಿಕೊಂಡ. ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕನ್ನು, ಅಮಾನತಿನಲ್ಲಿಟ್ಟು ಸೈನ್ಯ ಕಳಿಸಿದ. ನಮ್ಮ ತುರ್ತುಪರಿಸ್ಥಿತಿ ಕಂಡವನಿಗೆ ಈ ಮಾತು ಕೇಳಿದರೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಇಲ್ಲಿ ಒಳಗೆ ಹೋದವರು ವಿರೋಧ ಪಕ್ಷದ ಭಾಷಣಕಾರರಲ್ಲ, ರಾತ್ರಿ ಬಾಗಿಲು ಒಡೆದವರು. ನೂರಾರು ಜನ ಸಿಕ್ಕಿಬಿದ್ದರು. ಎಷ್ಟೋ ಜನ ಊರು ಬಿಟ್ಟು ಓಡಿದರು. ಕೇಸುಗಳನ್ನು ಮುಂದೆ ನಿಂತು ನಡೆಸಿದ ಅಟಾರ್ನಿ ಜನರಲ್ ಏಕರ್‌ಮನ್ ಹಿಂದೆ ದಕ್ಷಿಣದವರ ಸೈನ್ಯದಲ್ಲೇ ಇದ್ದವನು. ಕ್ಲಾನ್ ಆ ಕಾಲಕ್ಕೆ ಮುರಿದುಬಿತ್ತು. ಈ ಕೆಲಸಕ್ಕೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಹಗರಣಗಳನ್ನು ನಾನು ಮುಚ್ಚಿಡಲ್ಲ. ವಿಸ್ಕಿ ತೆರಿಗೆ ನುಂಗಿದ ಜಾಲದಲ್ಲಿ ಆಪ್ತ ಕಾರ್ಯದರ್ಶಿ ಬ್ಯಾಬ್‌ಕಾಕ್ ಹೆಸರು ಬಂದಾಗ ಗ್ರಾಂಟ್ ಅವನ ಪರ ಸಾಕ್ಷಿ ಹೇಳಿದ. ಅದು ತಪ್ಪು. ನನಗೆ ಹೆಚ್ಚು ಸಿಟ್ಟು ಬರಿಸುವುದು ಯುದ್ಧ ಮಂತ್ರಿ ಬೆಲ್‌ನ್ಯಾಪ್ ಪ್ರಕರಣ. ಫೋರ್ಟ್ ಸಿಲ್ ಎಂಬ ದೂರದ ಠಾಣೆಯಲ್ಲಿ ಸೈನಿಕರಿಗೆ ಸಾಮಾನು ಮಾರಲು ಒಬ್ಬನಿಗೇ ಪರವಾನಗಿ. ಅದನ್ನು ಉಳಿಸಿಕೊಳ್ಳಲು ಆತ ವರ್ಷಕ್ಕೆ 12,000 ಡಾಲರ್ ಕೊಡಬೇಕಿತ್ತು, ಅದರಲ್ಲಿ ಅರ್ಧ ಮಂತ್ರಿಯ ಮನೆಗೆ. ವ್ಯಾಪಾರಿ ಅದನ್ನು ಜೇಬಿನಿಂದ ಕೊಡುತ್ತಾನೆಯೇ? ತಂಬಾಕಿಗೋ ಸೋಪಿಗೋ ಬೆಲೆ ಏರಿಸಿ ಸಿಪಾಯಿಯಿಂದಲೇ ಕೀಳುತ್ತಾನೆ. ಕ್ಯಾಂಟೀನ್ ಸಾಲಿನಲ್ಲಿ ನಿಂತವರಿಗೆ ಇದರ ಉರಿ ಗೊತ್ತು. 1876ರಲ್ಲಿ ಕೆಳಮನೆ ಮಹಾಭಿಯೋಗಕ್ಕೆ ಮತ ಹಾಕುವ ಮುನ್ನವೇ ಬೆಲ್‌ನ್ಯಾಪ್ ಓಡೋಡಿ ಬಂದು ರಾಜೀನಾಮೆ ಕೊಟ್ಟ, ಗ್ರಾಂಟ್ ನಿಂತ ನಿಲುವಿನಲ್ಲೇ ಒಪ್ಪಿಕೊಂಡ. ಸ್ವತಃ ಸರಬರಾಜು ನೋಡಿದ ಮನುಷ್ಯ ಇದನ್ನು ಹೇಗೆ ಸಹಿಸಿದ ಅನ್ನುವುದು ನನಗೆ ಅರ್ಥವಾಗಿಲ್ಲ.

ಲೇಖಕರಿಗೆ ಗ್ರಾಂಟ್‌ನ ದೊಡ್ಡ ತಪ್ಪೇ ಬೇಕಿದ್ದರೆ ಅದು ವಿಸ್ಕಿಯಲ್ಲಿ ಇಲ್ಲ. 1875ರ ಮಿಸಿಸಿಪ್ಪಿಯಲ್ಲಿ ಇದೆ. ಚುನಾವಣೆಗೆ ಮೊದಲು ಕರಿಯ ಮತದಾರರ ಮೇಲೆ ಹಲ್ಲೆ ಶುರುವಾದಾಗ ಗವರ್ನರ್ ಏಮ್ಸ್ ಸೈನ್ಯ ಕೇಳಿದ. ಕಳಿಸಲಿಲ್ಲ. 1873ರ ಆರ್ಥಿಕ ಕುಸಿತದ ನಂತರ ಉತ್ತರದವರಿಗೆ ದಕ್ಷಿಣದ ಗೋಳು ಕೇಳಿ ಸಾಕಾಗಿತ್ತು, ಗ್ರಾಂಟ್‌ನ ಪಕ್ಷಕ್ಕೆ ಕೆಳಮನೆಯೂ ಕೈತಪ್ಪಿತ್ತು. ಕಾರಣ ಏನೇ ಇರಲಿ, ಇಲ್ಲಿ ನಾನು ಅವನ ಪರ ನಿಲ್ಲುವುದಿಲ್ಲ. ನಂತರ ಬಂದ ಹೇಯ್ಸ್ ಕೂಡ ಜನರಲ್ ಆಗಿದ್ದವನೇ. ದಕ್ಷಿಣದ ರಾಜಕೀಯದಿಂದ ಸೈನ್ಯವನ್ನು ಹಿಂದಕ್ಕೆ ಸರಿಸಿದ. ಕರಿಯರ ಹಕ್ಕು ಕಾಯಲು ದಕ್ಷಿಣಕ್ಕೆ ಮತ್ತೆ ಸೈನ್ಯ ಹೋಗಿದ್ದು 1957ರಲ್ಲಿ, ಲಿಟಲ್ ರಾಕ್ ಊರಿನಲ್ಲಿ ಬಿಳಿಯರ ಶಾಲೆಗೆ ಸೇರಿದ ಒಂಬತ್ತು ಕರಿಯ ಮಕ್ಕಳಿಗಾಗಿ. ಕಳಿಸಿದ್ದು ನೀವು ಕಾಲು ಪುಟ ಕೊಟ್ಟ ಐಸೆನ್‌ಹೋವರ್. ಈ ಎರಡು ಹೆಸರನ್ನು ಒಂದೇ ಪುಟದಲ್ಲಿ ಹಾಕಿಯೂ ನಡುವಿನ ಈ ಗೆರೆ ಎಳೆಯದೆ ಹೋದರಲ್ಲ ಅಂತ ಬೇಜಾರು.

ಒಂದು ತಿದ್ದುಪಡಿಯೂ ಇದೆ. ಗ್ರಾಂಟ್ ಅಧ್ಯಕ್ಷನಾಗಿದ್ದಾಗ ಭಾರತಕ್ಕೆ ಬಂದಿದ್ದ ಅಂತ ಅಚ್ಚಾಗಿದೆ. ಬಂದಿದ್ದು 1879ರಲ್ಲಿ, ಅಧಿಕಾರ ಬಿಟ್ಟ ಎರಡು ವರ್ಷಕ್ಕೆ, ಲೋಕ ಸುತ್ತುವ ಪ್ರವಾಸದಲ್ಲಿ. ಬೊಂಬಾಯಿಯಲ್ಲಿ ಇಳಿದು ಆಗ್ರಾ, ದೆಹಲಿ ನೋಡಿಕೊಂಡು ಕಲ್ಕತ್ತೆಯಿಂದ ಮುಂದೆ ಹೋದ. ಮುಂದಿನ ಪುರವಣಿಯಲ್ಲಿ ಸರಿಪಡಿಸಿದರೆ ಸಂತೋಷ.

ಇಂತಿ,
ಒಬ್ಬ ನಿವೃತ್ತ ಸುಬೇದಾರ್,
ಅರಸೀಕೆರೆ