ಇಲಿ ಎಲ್ಲಿಂದ ತಂದ್ರಿ ಅಂತ ಯಾರೂ ಕೇಳಂಗಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೊಸ ಔಷಧಿ ಸುದ್ದಿ ಬಂದಾಗೆಲ್ಲ 'ಇಲಿ ಮ್ಯಾಲ ಪ್ರಯೋಗ ಯಶಸ್ವಿ' ಅಂತ ಒಂದ್ ಲೈನ್ ಇದ್ದೇ ಇರ್ತದ, ಓದಿದ ಕೂಡ್ಲೇ ನಂಗ ಅನ್ಸೋದು, ಯಾರ ಕಡೆಯಿಂದ ತಂದ ಇಲಿ ರೀ ಅವು? ನಗಬ್ಯಾಡ್ರಿ. ಕಲಬುರಗಿಯ ಒಂದು ಫಾರ್ಮಸಿ ಕಾಲೇಜಿನ ಎನಿಮಲ್ ಹೌಸ್‌ನಾಗ ಭಾಳ ವರ್ಷ ಇದ್ದೆ ನಾನು, ಪಂಜರ ತೊಳೆಯೋದು, ಭತ್ತದ ಹೊಟ್ಟು ಬದಲಿಸೋದು, ಎಂ.ಫಾರ್ಮ್ ಹುಡುಗರಿಗೆ ಕಚ್ಚಿಸ್ಕೊಳ್ಳದಂಗ ಇಲಿ ಹಿಡಿಯೋದು ಕಲಿಸೋದು, ಎಲ್ಲಾ ನಂದೇ.

ಒಂದ್ಸಲ ಒಬ್ಬ ಹುಡುಗಿ ಅಂಜಿಕಿ ಕಡಿಮಿ ಮಾಡೋ ಔಷಧಿ ಮ್ಯಾಲ ಥೀಸಿಸ್ ಮಾಡ್ತಿದ್ಳು. ಪ್ಲಸ್ ಮೇಜ್ ಅಂತ ಇರ್ತದ, ನಾಲ್ಕು ರಸ್ತಾ ಕೂಡಿದಂಗ ಹಲಗಿ, ನೆಲದಿಂದ ಅರ್ಧ ಮೀಟರ್ ಮ್ಯಾಲ, ಎರಡು ಹಾದಿಗೆ ಗ್ವಾಡಿ ಅದ, ಎರಡಕ್ಕಿಲ್ಲ. ಅಂಜಿದ ಇಲಿ ಗ್ವಾಡಿ ಬಾಜೂ ಕೂಡ್ತದ, ಡಯಾಜೆಪಾಮ್ ಅನ್ನೋ ಅಂಜಿಕಿ ಔಷಧಿ ಕೊಟ್ರ ಬಯಲಿಗೆ ಬರ್ತದ, ಐದು ನಿಮಿಷ ಗಡಿಯಾರ ಹಿಡ್ಕೊಂಡು ಎಣಿಸ್ಬೇಕು. ಮೊದಲನೇ ಬ್ಯಾಚ್ ಇಲಿ, ಔಷಧಿ ಇಲ್ಲದ ಬರೀ ಸಲೈನ್ (ಉಪ್ಪು ನೀರು) ಕೊಟ್ರೂ ಬಯಲಿಗೆ ಬಂದು, ಹಲಗಿ ಅಂಚಿಗೆ ಮೂತಿ ಇಳಿಬಿಟ್ಟು ನೆಲ ಮೂಸ್ತಿದ್ವು. ಮೊದಲೇ ಅಂಜಿಕಿ ಇಲ್ಲದ ಇಲಿಗೆ ಡಯಾಜೆಪಾಮ್ ಏನ್ ಮಾಡ್ತದ? ಆರು ತಿಂಗಳ ಮ್ಯಾಲ ಬ್ಯಾರೆ ಸಪ್ಲೈಯರ್ ಕಡೆಯಿಂದ ಬಂದ ಇಲಿ ಮೂಲ್ಯಾಗ ಕುಂತು ಹಿಕ್ಕಿ ಹಾಕ್ಕೋತ ನಡಗ್ತಿದ್ವು, ಅವಕ್ಕ ಅದೇ ಡೋಸ್ ಭರ್ಜರಿ ಕೆಲಸ ಮಾಡ್ತು. ನಮ್ಮ ಮೇ ತಿಂಗಳ ಬಿಸಿಲು, ಪ್ರಯಾಣದ ದಣಿವು ಅದರಾಗ ಎಷ್ಟಿತ್ತೋ, ಎಲ್ಲಾ ಸಪ್ಲೈಯರ್ ತಲಿಗೇ ಕಟ್ಟಂಗಿಲ್ಲ ನಾನು. ಆದ್ರ ಗೈಡ್ ಸಾಹೇಬ್ರು ಮೊದಲನೇದು ಬಿಡು, ಎರಡನೇದು ಬರಿ ಅಂದ್ರು. ಥೀಸಿಸ್‌ನಾಗ ತಳಿ ಹೆಸರು, ತೂಕ, 'ವಿಸ್ಟಾರ್ ಇಲಿ, 150ರಿಂದ 200 ಗ್ರಾಂ' ಅಷ್ಟೇ.

ಇದು ನಮ್ಮೂರಿನ ಕತಿ ಅಷ್ಟೇ ಅಲ್ಲ. 1999ರಾಗ ಅಮೆರಿಕದ ಆಲ್ಬನಿ, ಪೋರ್ಟ್‌ಲ್ಯಾಂಡ್ ಮತ್ತ ಕೆನಡಾದ ಎಡ್ಮಂಟನ್ ಲ್ಯಾಬ್‌ನವ್ರು ಅದೇ ತಳಿ ಸುಂಡಿಲಿ, ಅದೇ ಟೆಸ್ಟ್ ಅಂತ ಹಟ ಹಿಡಿದು ಒಂದೇ ಥರ ಮಾಡಿದ್ರೂ ಕೆಲವು ಫಲಿತಾಂಶ ಕೂಡ್ಲಿಲ್ಲ. 2013ರಾಗ ಸ್ಪ್ರೇಗ್-ಡಾಲಿ ಅನ್ನೋ ತಳಿ ಇಲಿ ನೋಡಿದ್ರು, ಊಟ ಬರ್ತದ ಅಂತ ಸೂಚನೆ ಕೊಡೋ ಹಿಡಿಕಿ (ಲೀವರ್) ಕಡೀಗೇ ಓಡೋವು ಎಷ್ಟು, ಸೀದಾ ಊಟದ ಬಟ್ಟಲಿಗೆ ಹೋಗೋವು ಎಷ್ಟು ಅನ್ನೋದು ಕಂಪನಿಯಿಂದ ಕಂಪನಿಗೆ ಬ್ಯಾರೆ, ಒಂದೇ ಕಂಪನಿಯ ಎರಡು ಸಾಕಣೆ ಕೋಣಿ ನಡುವನೂ ಬ್ಯಾರೆ. ಸೂಚನೆಗೆ ಎಷ್ಟು ಮರುಳಾಗ್ತಾವ ಅನ್ನೋದೇ ಚಟದ ಸಂಶೋಧನೆಗೆ ಮುಖ್ಯ ನೋಡ್ರಿ. ಅದೇ ವರ್ಷ ಇನ್ನೊಂದು ಅಧ್ಯಯನ, ಬ್ಲ್ಯಾಕ್-6 ಅನ್ನೋ ತಳಿ ಸುಂಡಿಲಿಯ ಜೆ ಮತ್ತ ಎನ್ ಅಂತ ಎರಡು ಕವಲು, ದಶಕಗಳ ಹಿಂದ ಬ್ಯಾರೆ ಬ್ಯಾರೆ ಕಡೆ ಬೆಳೆದು ಅಗಲಿದ್ವು, ಎನ್‌ನಾಗ ಒಂದು ಜೀನ್ ಕೆಟ್ಟು ಕೊಕೇನ್‌ಗೆ ಕುಣಿಯೋದೇ ಕಡಿಮಿ. ಹೊಟ್ಟಿಯೊಳಗಿನ ಬ್ಯಾಕ್ಟೀರಿಯಾನೂ ಬ್ರೀಡರ್‌ಗೆ, ಅಂದ್ರ ಇಲಿ ಸಾಕಿ ಮಾರೋರಿಗೆ, ಒಂದೊಂದು ಥರ.

ನೆಹರೂ ಗಂಜ್‌ನಾಗ ತೊಗರಿ ಚೀಲ ಇಳಿಸಿದ್ರ ಚಿಂಚೋಳಿದೋ ಆಳಂದದ್ದೋ ಅಂತ ಕೇಳ್ತಾರ. ಇಲಿಗೆ ಆ ಮರ್ಯಾದಿನೂ ಇಲ್ಲ.

ಮಾಹಿತಿ ಇಲ್ಲ ಅಂತಲ್ಲ ಮತ್ತ. ಸರ್ಕಾರಿ ನಿಯಮದ ಪ್ರಕಾರ ರಿಜಿಸ್ಟರ್ ಆದ ಬ್ರೀಡರ್ ಕಡೆಯಿಂದ ತರ್ಬೇಕು, ಲೆಕ್ಕ ಬರೆದಿಡ್ಬೇಕು. ನಾನೇ ಬರೀತಿದ್ದೆ, ತಾರೀಖು, ಎಲ್ಲಿಂದ, ಎಷ್ಟು ಗಂಡು, ಎಷ್ಟು ಹೆಣ್ಣು, ದಾರ್‍ಯಾಗ ಎಷ್ಟು ಸತ್ವು. ಅದರಾಗಿನ ಒಂದ್ ಲೈನ್ ಥೀಸಿಸ್‌ಗೆ ಇಳಿಸ್ರಿ ಅಂತ ಗೈಡ್‌ಗಳಿಗೆ, ಸುದ್ದಿ ಹಾಕೋ ಮೊದಲು ಒಂದ್ ಮಾತು ಕೇಳ್ರಿ ಅಂತ ನಿಮ್ಮ ವರದಿಗಾರರಿಗೆ ನನ್ನ ವಿನಂತಿ.

– ನಿವೃತ್ತ ಲ್ಯಾಬ್ ಅಸಿಸ್ಟೆಂಟ್, ಕಲಬುರಗಿ