ನಾಯಿಗೆ ಬಾಯಾರಿಕೆ ಜಾಸ್ತಿ ಆಗಿದೆಯಾ? ಈ ವಾರ ಗಮನಿಸಿ

ಎಲ್ಲರಿಗೂ ನಮಸ್ಕಾರ. ಏಳು ವರ್ಷ ದಾಟಿದ ನಾಯಿ ಇರುವವರು ದಯವಿಟ್ಟು ಪೂರ್ತಿ ಓದಿ. ನಾಯಿಗಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಮಕ್ಕಳಾಗದ ಆಪರೇಷನ್ ಮಾಡಿಸದ ಹೆಣ್ಣುನಾಯಿಗಳಿಗೆ ಅಪಾಯ ಜಾಸ್ತಿ.

ಮೊದಲು ನೀರಿನ ಬಟ್ಟಲು ನೋಡಿ. ಸುಮ್ನೆ ಸೆಕೆ ಅಂತ ಬಿಡಬೇಡಿ, ಅಳೆಯಿರಿ. ಬೆಳಿಗ್ಗೆ ಲೆಕ್ಕ ಮಾಡಿ ನೀರು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. 10 ಕೆಜಿ ತೂಕದ ನಾಯಿ ದಿನಕ್ಕೆ 1 ಲೀಟರ್‌ಗಿಂತ ಹೆಚ್ಚು ಕುಡಿಯುತ್ತಿದ್ದರೆ ಡಾಕ್ಟರ್‌ಗೆ ತೋರಿಸಲೇಬೇಕು. ಕುಡಿಯುವ ನೀರನ್ನು ಮಾತ್ರ ಕಡಿಮೆ ಮಾಡಬೇಡಿ.

ಪದೇ ಪದೇ ಮೂತ್ರ, ಎಂದೂ ಇಲ್ಲದೆ ಮನೆಯೊಳಗೇ ಮಾಡಿಕೊಳ್ಳುವುದು, ಚೆನ್ನಾಗಿ ತಿಂದರೂ ಸಣ್ಣಗಾಗುವುದು ಕೂಡ ಲಕ್ಷಣಗಳೇ. ಕಣ್ಣು ಬೆಳ್ಳಗಾದರೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ ಅಲ್ವಾ? ಸಕ್ಕರೆ ಕಾಯಿಲೆಯಿಂದಲೂ ಪೊರೆ ಬೇಗ ಬರುತ್ತದೆ.

ವಾಂತಿ, ತೀರಾ ಸುಸ್ತು, ಊಟ ಬಿಡುವುದು, ಉಸಿರಿನಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಕಂಡರೆ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಜೀವಕ್ಕೇ ಅಪಾಯ.

ರಕ್ತ ಮತ್ತು ಮೂತ್ರ ಪರೀಕ್ಷೆಯಿಂದ ಕಾಯಿಲೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಕೊಡಬೇಕಾಗುತ್ತದೆ. ಸೂಜಿ ಬಹಳ ಸಣ್ಣದು, ಮನೆಯಲ್ಲೇ ಕೊಡಲು ಕಲಿಯಬಹುದು. ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಲವಲವಿಕೆಯಿಂದ ಇರುತ್ತವೆ. ಮನೆಯವರ ಶುಗರ್ ಮಾತ್ರೆಯನ್ನು ಖಂಡಿತ ಕೊಡಬೇಡಿ.

ಭಾನುವಾರ ಸಂಜೆಯೊಳಗೆ ನಿಮ್ಮ ನಾಯಿಯ ತೂಕ, ಅದು ಕುಡಿದ ನೀರಿನ ಲೆಕ್ಕ ಇಲ್ಲಿ ಹಾಕಿ. ಅನುಮಾನ ಇರುವವರು ಒಟ್ಟಿಗೇ ಪಶುವೈದ್ಯರ ಹತ್ತಿರ ಹೋಗೋಣ. ಬೀದಿನಾಯಿಗಳಿಗೆ ಊಟ ಹಾಕುವವರೂ ಈ ಲಕ್ಷಣ ಕಂಡರೆ ತಿಳಿಸಿ. ಗಾಡಿ ಇರುವವರು ಯಾರು ಬರಬಹುದು, ಹೇಳಿ.